ಸ್ಪಷ್ಟನೆ: ಆರ್ಚರ್ ಮೆಲ್ಬರ್ನ್‌ಗೆ ನಡೆದು ಹೋಗಿರಲಿಲ್ಲ

ಆಸ್ಟ್ರೇಲಿಯಾದ ಪ್ರಸಿದ್ಧ ಕುದುರೆ ಓಟವಾದ ಮೆಲ್ಬರ್ನ್ ಕಪ್ ಅನ್ನು ಮೊದಲ ಬಾರಿ ಗೆದ್ದ ಆರ್ಚರ್ ಎಂಬ ಕುದುರೆ ಸಿಡ್ನಿಯ ದಕ್ಷಿಣಕ್ಕಿರುವ ನೌರಾ ಊರಿನಿಂದ 800 ಕಿ.ಮೀ. ನಡೆದುಕೊಂಡೇ ಮೆಲ್ಬರ್ನ್ ತಲುಪಿತ್ತು ಎಂಬ ಮೆಸೇಜ್ ಓಡಾಡ್ತಿದೆ. ಕಳೆದ ವಾರ ನಾನೂ ಅದನ್ನು ಗ್ರೂಪಿಗೆ ಹಾಕಿದ್ದೆ. ಅದು ತಪ್ಪು, ಕ್ಷಮಿಸಿ.

1861ರಲ್ಲಿ ಆರ್ಚರ್ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿದ್ದು ಹಡಗಿನಲ್ಲಿ. 'ಸಿಟಿ ಆಫ್ ಸಿಡ್ನಿ' ಎಂಬ ಉಗಿಹಡಗು. ಆಗಿನ ಪತ್ರಿಕೆಗಳು ಬಂದರಿಗೆ ಬಂದ ಹಡಗುಗಳ ವಿವರ ಅಚ್ಚು ಹಾಕುತ್ತಿದ್ದವು, ಈ ಪ್ರಯಾಣದ ದಾಖಲೆಯೂ ಅಲ್ಲೇ ಸಿಗುತ್ತದೆ. ನಡಿಗೆಯ ಕಥೆ ಆಮೇಲೆ ಬಾಯಿಂದ ಬಾಯಿಗೆ ಬೆಳೆದದ್ದು.

ಅದೇ ಮೆಸೇಜಿನಲ್ಲಿ ಓಟ ಇವತ್ತಿಗೂ ಪೂರ್ತಿ 2 ಮೈಲಿ ಅಂತಿದೆ. 1972ರಿಂದ ಅದು 3,200 ಮೀಟರ್. ಹಳೆಯ ದೂರಕ್ಕಿಂತ ಸುಮಾರು 19 ಮೀಟರ್ ಕಡಿಮೆ. 'ಎಲ್ಲ ಕುದುರೆಗೂ ಒಂದೇ ಭಾರ' ಅನ್ನೋದೂ ಸರಿಯಲ್ಲ. ಇದು ಹ್ಯಾಂಡಿಕ್ಯಾಪ್ ರೇಸ್. ಒಳ್ಳೆಯ ದಾಖಲೆಯಿರುವ ಕುದುರೆಗೆ ಜಾಸ್ತಿ ಭಾರ (ಸವಾರನ ತೂಕವೂ ಸೇರಿ) ಹೊರಿಸುತ್ತಾರೆ. ಮೂರು ವರ್ಷ ತುಂಬಿದ ಕುದುರೆಗಳಿಗೆ ಮಾತ್ರ ಪ್ರವೇಶ.

ಆರ್ಚರ್‌ನ ನಿಜವಾದ ಸಾಧನೆಯೇ ದೊಡ್ಡದು, ಅಲ್ವಾ? 1861ರಲ್ಲಿ ಸುಮಾರು 60 ಕೆ.ಜಿ. ಹೊತ್ತು ಗೆದ್ದಿತು. ಮರುವರ್ಷ ಭಾರ 64 ಕೆ.ಜಿ. ದಾಟಿತು, ಆದರೂ ಮತ್ತೆ ಗೆದ್ದಿತು. 1863ರಲ್ಲಿ ಕುದುರೆ ಓಡುತ್ತದೆ ಎಂದು ಖಚಿತಪಡಿಸುವ ಟೆಲಿಗ್ರಾಂ ತಡವಾಗಿ ತಲುಪಿದ್ದಕ್ಕೆ ಓಡಲು ಬಿಡಲೇ ಇಲ್ಲ. ಈ ಸಂಗತಿ ಓದಿ ನನಗೆ ತುಂಬಾ ಬೇಜಾರಾಯಿತು.

ದಯವಿಟ್ಟು ಹಳೆಯ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅಲ್ಲಿಗೆ ಇದನ್ನೂ ಕಳಿಸಿ.