ಒಂದು ಸಾರಿ, ಎರಡು ಸಾರಿ, ಇನ್ಯಾರಿಗೆ ಬೇಕು?

ಕ್ರೂಸ್ ಹಡಗಿನ ಹರಾಜಿನಲ್ಲಿ ಚಿತ್ರ ಕೊಂಡು ಕೈ ಸುಟ್ಟುಕೊಂಡವರ ಕಥೆ ಮತ್ತೆ ಕಣ್ಣಿಗೆ ಬಿತ್ತು. ನಿಮಗೆ ಗೊತ್ತಿರುವುದೇ. ರಜೆ, ಸಮುದ್ರ, ಪುಕ್ಕಟೆ ಷಾಂಪೇನ್, ಎತ್ತಿದ ಕೈ, ಮನೆಗೆ ಬಂದ ಪಾರ್ಸೆಲ್. ಆಮೇಲೆ ಒಂದು ದಿನ ಸುಮ್ನೆ ಕುತೂಹಲಕ್ಕೆ ಬೆಲೆ ವಿಚಾರಿಸಿದ್ದು. ಕೊಟ್ಟ ದುಡ್ಡಿನ ಹತ್ತಿರಕ್ಕೂ ಬಾರದ ಬೆಲೆ ಅಂತ ತಿಳಿದು ಆಮೇಲೆ ನಿದ್ದೆ ಬಾರದ ರಾತ್ರಿಗಳು. 2008ರ ಹೊತ್ತಿಗೇ ಅಮೆರಿಕದ ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದಿದ್ದವು. ಕೋರ್ಟಿಗೂ ಹೋಗಿತ್ತು. ಅಷ್ಟೆಲ್ಲ ಆದಮೇಲೂ ಹರಾಜು ನಡೆಯುತ್ತಲೇ ಇದೆ, ಷಾಂಪೇನ್ ಸುರಿಯುತ್ತಲೇ ಇದೆ.

ಜನ ಇದನ್ನು ಮೋಸ ಅಂತಾರೆ. ನಾನು ಒಪ್ಪಲ್ಲ. ಇಷ್ಟು ಪ್ರಾಮಾಣಿಕ ವ್ಯಾಪಾರ ನೆಲದ ಮೇಲೆ ಎಲ್ಲೂ ಸಿಗದು. ಎಲ್ಲವನ್ನೂ ಬರೆದು ಕೊಡುತ್ತಾರೆ. ಬಹಳ ಸಣ್ಣ ಅಕ್ಷರದಲ್ಲಿ ಬರೆದು ಕೊಡುತ್ತಾರೆ, ಅದು ಬೇರೆ ಮಾತು. ಕನ್ನಡಕ ಕೋಣೆಯಲ್ಲೇ ಬಿಟ್ಟು ಬಂದದ್ದು ನಿಮ್ಮ ತಪ್ಪು ತಾನೇ?

ಮೊದಲು ಹರಾಜು ಅನ್ನುವ ಪದವನ್ನೇ ತೆಗೆದುಕೊಳ್ಳಿ. ನಮಗೆ ಗೊತ್ತಿರುವ ಹರಾಜಿನಲ್ಲಿ ವಸ್ತು ಒಂದು, ಆಸೆಪಡುವವರು ಹತ್ತು ಜನ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಸುತ್ತಿಗೆ ಬಿತ್ತು, ಮುಗಿಯಿತು. ಉಳಿದ ಒಂಬತ್ತು ಜನ ಹೊಟ್ಟೆ ಉರಿಸಿಕೊಂಡು ಮನೆಗೆ ಹೋಗುತ್ತಾರೆ. ಹಡಗಿನಲ್ಲಿ ಯಾರ ಹೊಟ್ಟೆಯನ್ನೂ ಉರಿಸುವುದಿಲ್ಲ. ಸುತ್ತಿಗೆ ಬಿದ್ದ ಮೇಲೆ ಹರಾಜುಗಾರ ಕತ್ತೆತ್ತಿ ಕೇಳುತ್ತಾನೆ, "ಇದೇ ಬೆಲೆಗೆ ಇನ್ಯಾರಿಗೆ ಬೇಕು?" ಆರು ಕೈ ಏಳುತ್ತವೆ. ಆರೂ ಜನಕ್ಕೆ ಉಂಟು. ಹದಿನಾರು ಕೈ ಎದ್ದರೂ ಉಂಟು. ಒಬ್ಬರ ಮೇಲೊಬ್ಬರು ಕೂಗಿ ಬೆಲೆ ಏರಿಸಿದ್ದು ಮತ್ತೆ ಯಾತಕ್ಕೆ ಅಂತ ನೀವು ಕೇಳಬಹುದು. ಕೇಳಬೇಡಿ. ಗ್ಲಾಸ್ ಖಾಲಿಯಾಗಿದೆ ನೋಡಿ, ತುಂಬಿಸುತ್ತಾರೆ.

ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಚಿತ್ರ ಸಾಮಾನ್ಯವಾಗಿ ಹಡಗು ಬಿಟ್ಟು ಇಳಿಯುವುದೇ ಇಲ್ಲ. ಅದು ಮುಂದಿನ ವಾರವೂ ಅಲ್ಲೇ ನಿಂತು ಇನ್ನೊಮ್ಮೆ ಮಾರಾಟವಾಗಬೇಕು. ನಿಮ್ಮದು ಎಲ್ಲೋ ದಡದ ಮೇಲಿರುವ ಗೋದಾಮಿನಿಂದ ಕೆಲವು ವಾರ ಬಿಟ್ಟು ಬರುತ್ತದೆ. ಹೆಣ್ಣು ನೋಡಿ ಒಪ್ಪಿದ್ದು ಒಬ್ಬಳನ್ನು, ಮಂಟಪಕ್ಕೆ ಬರುವವಳು ಅವಳ ತಂಗಿ. ಒಂದೇ ಮುಖ ಅನ್ನುತ್ತಾರೆ, ಹೌದು, ಒಂದೇ ಮುಖ. ಇನ್ನೊಂದು ಆಟ ಇದೆ. ಚಿತ್ರಗಳನ್ನು ಬೆನ್ನು ನಮ್ಮ ಕಡೆ ಮಾಡಿ ನಿಲ್ಲಿಸಿ, ಮುಖ ತೋರಿಸದೆಯೇ ಬೆಲೆ ಕೂಗಿಸುವುದು. ಚಿತ್ರ ನೋಡದೆ ಚಿತ್ರ ಕೊಳ್ಳುವುದು! ಕಲೆಯ ಮೇಲಿನ ಇಂಥ ನಂಬಿಕೆ ಯಾವ ಮ್ಯೂಸಿಯಮ್ಮಿನಲ್ಲೂ ಕಾಣದು.

ಇಲ್ಲದ ಮನುಷ್ಯ ಕೂಗಿದ ಬೆಲೆಗೆ ಹರಾಜಿನ ಲೋಕದಲ್ಲಿ ತೂಗುದೀಪದ ಬಿಡ್ ಅಂತ ಹೆಸರಿದೆ. ಹರಾಜುಗಾರ ಹಿಂದಿನ ಸಾಲಿನ ಕಡೆ ಕೈ ತೋರಿಸಿ "ಅಗೋ ಅಲ್ಲಿ" ಅನ್ನುತ್ತಾನೆ. ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ, ಮೇಲೆ ದೀಪ ತೂಗುತ್ತಿದೆ. ದಡದ ಮೇಲಿನ ದೊಡ್ಡ ದೊಡ್ಡ ಹರಾಜು ಮನೆಗಳಲ್ಲೂ ಇದು ಹಳೆಯ ಚಾಳಿ. ಹಡಗಿನಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ತೂಗುದೀಪಗಳು ಬಹಳ ಚೆನ್ನಾಗಿರುತ್ತವೆ ಅಂತಷ್ಟೇ ಹೇಳುತ್ತಿದ್ದೇನೆ.

ಈಗ ಪದಗಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಜಿಕ್ಲೇ. ಹೇಳಿ ನೋಡಿ, ಬಾಯಿಗೆ ಎಷ್ಟು ಚೆಂದ. ಪ್ಯಾರಿಸ್ಸಿನ ಅಟ್ಟದ ಮೇಲೆ ಬಡ ಕಲಾವಿದನೊಬ್ಬ ಉಪವಾಸ ಕೂತು ಕಂಡುಹಿಡಿದ ಹಾಗಿದೆ. ಕಂಡುಹಿಡಿದದ್ದು ಜಾಕ್ ಡುಗಾನ್ ಅನ್ನುವ ಅಮೆರಿಕದ ಮುದ್ರಕ, 1991ರಲ್ಲಿ, ಅದೂ ಪದವನ್ನು ಮಾತ್ರ. ಯಂತ್ರ ಮೊದಲೇ ಇತ್ತು. ಅದರ ಹೆಸರು ಇಂಕ್‌ಜೆಟ್ ಪ್ರಿಂಟರ್. ಫ್ರೆಂಚಿನಲ್ಲಿ ಚಿಮ್ಮಿಸುವುದಕ್ಕೆ ಇರುವ ಕ್ರಿಯಾಪದದಿಂದ ಹುಟ್ಟಿದ್ದು ಈ ಜಿಕ್ಲೇ. ಯಂತ್ರ ಶಾಯಿ ಚಿಮ್ಮಿಸುತ್ತದಲ್ಲ, ಹಾಗಾಗಿ. ಒಳ್ಳೆಯ ಕಾಗದ, ಒಳ್ಳೆಯ ಶಾಯಿ ಹಾಕಿ ಮಾಡಿದ ಪ್ರಿಂಟ್ ನಿಜಕ್ಕೂ ಚೆನ್ನಾಗಿರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ "ಪ್ರಿಂಟ್ ತಗೊಂಡೆ" ಅಂದರೆ ನೆಂಟರು "ಎಷ್ಟಾಯ್ತು ಕಾಪಿಗೆ?" ಅಂತ ಕೇಳುತ್ತಾರೆ. "ಜಿಕ್ಲೇ ತಗೊಂಡೆ" ಅಂದರೆ ಎದ್ದು ನಿಂತು ನೋಡುತ್ತಾರೆ.

ಇನ್ನೊಂದು, ಸೀಮಿತ ಮುದ್ರಣ. ಸೀಮೆ ಎಲ್ಲಿದೆ ಅಂತ ಮಾತ್ರ ಕೇಳಬಾರದು. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 117/300 ಅಂತ ಬರೆದಿರುತ್ತದೆ, ಮುನ್ನೂರು ಪ್ರತಿಯಲ್ಲಿ ನೂರ ಹದಿನೇಳನೆಯದು ಅಂತ. ಜಗತ್ತಿನಲ್ಲಿ ಮುನ್ನೂರೇ ಇವೆ ಅಂತ ಎದೆ ಉಬ್ಬುತ್ತದೆ. ಆದರೆ ಅದು ಕಾಗದದ ಮೇಲಿನ ಮುನ್ನೂರು ಇರಬಹುದು. ಕ್ಯಾನ್ವಾಸಿನ ಮೇಲೆ ಬೇರೆ ಇರಬಹುದು. ರೋಮನ್ ಅಂಕಿ ಹಾಕಿ ಎಣಿಸಿದ ಪ್ರತಿಗಳು ಇನ್ನೊಂದಷ್ಟು. ಕಲಾವಿದನ ಪಾಲಿನ ಪ್ರತಿಗಳು ಅಂತ ಮತ್ತೊಂದಷ್ಟು. ಮಾರಾಟಕ್ಕಲ್ಲ ಅಂತ ಗುರುತು ಹಾಕಿದ ಪ್ರತಿಗಳೂ ಇರುತ್ತವೆ, ಅವೂ ಮಾರಾಟವಾಗುತ್ತವೆ.

ಸಹಿ ಇದೆಯಲ್ಲ, ಸಾಕಲ್ಲವೇ ಅಂತೀರಾ? ಸಹಿಯ ವಿಷಯ ಬಂದರೆ ನನಗೆ ಸ್ಪೇನಿನ ಕಲಾವಿದ ಸಾಲ್ವದೋರ್ ದಾಲಿ ನೆನಪಾಗುತ್ತಾನೆ. ಮೇಲಕ್ಕೆ ತಿರುಚಿದ ಮೀಸೆ, ಕರಗುವ ಗಡಿಯಾರ. ಅವನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ಕವಿ ಆಂದ್ರೆ ಬ್ರೆತೋಂ ಒಂದು ಅಡ್ಡಹೆಸರು ಕಟ್ಟಿದ್ದ: ಅವಿಡಾ ಡಾಲರ್ಸ್. ಡಾಲರಿಗೆ ಬಾಯಿ ಬಿಡುವವನು ಅಂತ. 1974ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಪಕ್ಕದ ಪುಟ್ಟ ದೇಶ ಅಂಡೋರಾ ಕಡೆ ಹೊರಟಿದ್ದ ಒಂದು ಲಾರಿ ತಡೆದು ಬಾಗಿಲು ತೆಗೆಸಿದರು. ಒಳಗೆ 40,000 ಖಾಲಿ ಹಾಳೆ. ಪ್ರತಿಯೊಂದರ ಕೆಳಗೂ ದಾಲಿಯ ಸಹಿ. ಚಿತ್ರ ಇಲ್ಲ, ಸಹಿ ಮಾತ್ರ. ಸಹಿ ಅಸಲಿ, ಅದರ ಮೇಲಕ್ಕೆ ಯಾರು ಏನು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು. ದಾಲಿ 1989ರಲ್ಲಿ ತೀರಿಕೊಂಡ. ಸಹಿ ಇದ್ದ ಹಾಳೆಗಳು ಅವನ ಜೊತೆ ಹೋಗಲಿಲ್ಲ. ಇವತ್ತಿಗೂ ದಾಲಿಯ ಪ್ರಿಂಟ್ ಅಂದರೆ ತಿಳಿದವರು ಎರಡು ಹೆಜ್ಜೆ ಹಿಂದೆ ಇಡುತ್ತಾರೆ. ತಿಳಿಯದವರು ಕೈ ಎತ್ತುತ್ತಾರೆ.

ಡಚ್ ಕಲಾವಿದ ರೆಂಬ್ರಾಂಟ್ ಪಾಪ ಹೀಗೆ ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋದವನಲ್ಲ. ಅವನು ತೀರಿಕೊಂಡದ್ದು 1669ರಲ್ಲಿ. ಆದರೆ ಅವನು ಗೆರೆ ಕೊರೆದ ತಾಮ್ರದ ತಗಡುಗಳು ಹಲವು ಉಳಿದವು. ಸವೆದ ಗೆರೆಗಳನ್ನು ಮತ್ತೆ ಕೆರೆದು, ಆಳ ಮಾಡಿ, ಅವನು ಸತ್ತು ನೂರಾರು ವರ್ಷ ಆದಮೇಲೂ ಅಚ್ಚು ಹಾಕುತ್ತಾ ಬಂದಿದ್ದಾರೆ. ರೆಂಬ್ರಾಂಟನ ತಗಡಿನಿಂದ ತೆಗೆದದ್ದು ಅಂದರೆ ಸುಳ್ಳಲ್ಲ. ತೆಗೆದದ್ದು ಯಾವ ಶತಮಾನದಲ್ಲಿ ಅಂತ ಷಾಂಪೇನ್ ಕೈಯಲ್ಲಿ ಹಿಡಿದು ಯಾರು ಕೇಳುತ್ತಾರೆ?

ಆಮೇಲೆ ಬೆಲೆಪತ್ರ. ನಿಮ್ಮ ಚಿತ್ರ ಇಷ್ಟು ಬಾಳುತ್ತದೆ ಅಂತ ಬರೆದುಕೊಡುವ ಕಾಗದ. ಬರೆದುಕೊಡುವವರು ಯಾರು? ಮಾರಿದವರೇ. ಹೆತ್ತವರಿಗೆ ಹೆಗ್ಗಣ ಮುದ್ದು. ಇದಕ್ಕೆ ಬೇರೆ ಫೀಸು ತೆಗೆದುಕೊಂಡವರೂ ಇದ್ದಾರೆ. ಅದರಲ್ಲಿ ಇರುವುದು ವಿಮೆಗೆ ಹಾಕುವ ಬೆಲೆ, ಅಂದರೆ ಚಿತ್ರ ಸುಟ್ಟುಹೋದರೆ ಅಂಗಡಿಯಿಂದ ಹೊಸದು ತರಲು ಎಷ್ಟಾಗುತ್ತದೆ ಅನ್ನುವ ಲೆಕ್ಕ. ಅಂಗಡಿಯೂ ಅವರದೇ. ನೀವು ಮಾರಲು ಹೋದರೆ ಎಷ್ಟು ಸಿಗುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕನ್ನಡಿಯೊಳಗಿನ ಗಂಟು ಅಂದರೆ ಇದೇ. ಕಾಣುತ್ತದೆ, ಕೈಗೆ ಮಾತ್ರ ಬರುವುದಿಲ್ಲ.

ಹಡಗು, ಚಿತ್ರ, ಬೆಲೆ ಮೂರೂ ಸೇರಿದ ಇನ್ನೊಂದು ಕಥೆ ಇದೆ. ವಿಷಯ ಬಿಟ್ಟು ಹೋಗುತ್ತಿದ್ದೇನೆ, ಇರಲಿ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಜೊತೆ ಬ್ಲೋಂಡೆಲ್ ಅನ್ನುವ ಫ್ರೆಂಚ್ ಕಲಾವಿದನ ಒಂದು ದೊಡ್ಡ ತೈಲಚಿತ್ರವೂ ಮುಳುಗಿತು. ಸ್ನಾನಕ್ಕಿಳಿದ ಹೆಣ್ಣಿನ ಚಿತ್ರ. ಅದರ ಒಡೆಯ ಬದುಕಿ ಬಂದು ಕೇಳಿದ ಪರಿಹಾರ ಒಂದು ಲಕ್ಷ ಡಾಲರ್. ಆ ಹಡಗಿನಲ್ಲಿ ಕಳೆದುಹೋದ ಯಾವುದೇ ಒಂದು ವಸ್ತುವಿಗೆ ಯಾರೂ ಅಷ್ಟು ಕೇಳಿರಲಿಲ್ಲ. ಬೆಲೆ ಹೇಳಿದವನು ಅವನೇ, ಚಿತ್ರ ಸಮುದ್ರದ ತಳದಲ್ಲಿ, ಪರೀಕ್ಷೆ ಮಾಡುವವರು ಯಾರು? ಆದರೆ ಒಂದು ಮಾತು. ಅವನದು ಅಸಲಿ ಚಿತ್ರ, ಮುಳುಗಿದ್ದು ಹಡಗು. ಈಗಿನ ಹಡಗುಗಳು ಬಹಳ ಭದ್ರ. ಮುಳುಗುವುದೇನಿದ್ದರೂ ಪ್ರಯಾಣಿಕರು ಮಾತ್ರ.

ನಮ್ಮ ಪರಿಚಯದ ಹಿರಿಯರೊಬ್ಬರು ಹೀಗೆ ಒಂದು ಚಿತ್ರ ತಂದಿದ್ದಾರೆ. ನಿವೃತ್ತಿಯಾದ ವರ್ಷ, ಗಂಡ ಹೆಂಡತಿ ಇಬ್ಬರೂ ಮೊದಲ ಸಾರಿ ಹಡಗು ಹತ್ತಿದ್ದರು. ನೋಡಲು ಬನ್ನಿ ಅಂತ ಕರೆದರು, ಹೋದೆ. ನೀಲಿ ಸಮುದ್ರ, ಒಂದು ದೋಣಿ, ದೂರದಲ್ಲಿ ಬಿಳಿ ಮನೆಗಳು. "ಮುಟ್ಟಿ ನೋಡಿ, ಮುಟ್ಟಿ. ಕಲಾವಿದನ ಸ್ಟುಡಿಯೋದಲ್ಲಿ ಕೈಯಿಂದ ಬಣ್ಣ ಹಾಕಿದ್ದು" ಅಂದರು. ಮುಟ್ಟಿದೆ. ಉಬ್ಬು ಉಬ್ಬಾಗಿ ಬ್ರಷ್ಷಿನ ಗೆರೆಗಳು ಬೆರಳಿಗೆ ಸಿಕ್ಕವು. ಕಿಟಕಿ ಬೆಳಕಿಗೆ ಓರೆಯಾಗಿ ನಿಂತು ನೋಡಿದೆ. ಬಣ್ಣ ಅಲ್ಲ, ಬಣ್ಣವಿಲ್ಲದ ಅಂಟಿನಂಥ ಪದರ. ಬ್ರಷ್ಷು ದೋಣಿಯ ಅಂಚಿನಲ್ಲಿ ನಿಂತಿರಲಿಲ್ಲ. ದೋಣಿ, ನೀರು, ಮನೆಯ ಗೋಡೆ ಎಲ್ಲದರ ಮೇಲೂ ಒಂದೇ ದಿಕ್ಕಿಗೆ ಸರಸರ ಎಳೆದುಕೊಂಡು ಹೋಗಿತ್ತು, ಗೋಡೆಗೆ ಸುಣ್ಣ ಹೊಡೆದ ಹಾಗೆ. ಕೆಳಗಿನ ಅಚ್ಚಿನಲ್ಲೂ ಬ್ರಷ್ಷಿನ ಗೆರೆಗಳಿದ್ದವು, ಅವು ಬೇರೆ ದಿಕ್ಕಿಗೆ. ಕೈಯಿಂದ ಹಾಕಿದ್ದು ಅನ್ನುವುದು ಪೂರ್ತಿ ನಿಜ. ಯಾರ ಕೈ ಅಂತ ಎಲ್ಲೂ ಬರೆದಿಲ್ಲ. ಥಾಮಸ್ ಕಿಂಕೇಡ್ ಅನ್ನುವ ಜನಪ್ರಿಯ ಅಮೆರಿಕನ್ ಕಲಾವಿದನ ಪ್ರಿಂಟುಗಳಿಗೆ ಬಣ್ಣದ ಚುಕ್ಕೆ ಇಡಲು ತರಬೇತಿ ಕೊಟ್ಟ ಜನರೇ ಇದ್ದರು. ಇದೂ ಒಂದು ಉದ್ಯೋಗ.

ಅವರು ಫೈಲು ತೆಗೆದು ಬಿಲ್ಲು ತೋರಿಸಿದರು. ಸುತ್ತಿಗೆ ಬಿದ್ದ ಬೆಲೆ ಮೇಲಿನ ಸಾಲಿನಲ್ಲಿತ್ತು. ಅದರ ಕೆಳಗೆ ಕೊಳ್ಳುವವರ ಕಮಿಷನ್. ಅದರ ಕೆಳಗೆ ಫ್ರೇಮು. ಅದರ ಕೆಳಗೆ ಸಾಗಾಣಿಕೆ, ವಿಮೆ. ಮನೆ ಬಾಗಿಲಿಗೆ ಬಂದಾಗ ಸುಂಕ ಬೇರೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ವಾಪಸ್ ಕೊಡಬಹುದಲ್ಲ ಅಂತ ಅವರ ಮಗ ಓಡಾಡಿದ್ದಾನೆ. ಹಡಗಿನ ಕಂಪನಿಗೆ ಬರೆದ. ಗ್ಯಾಲರಿ ನಮ್ಮದಲ್ಲ, ನಾವು ಜಾಗ ಕೊಟ್ಟಿದ್ದೇವೆ ಅಷ್ಟೇ, ಟಿಕೆಟ್ಟಿನ ಷರತ್ತುಗಳಲ್ಲಿ ಬರೆದಿದೆ ನೋಡಿ ಅಂದರು. ಜಾಗ ಕೊಟ್ಟದ್ದಕ್ಕೆ ಪಾಲು ಬರುತ್ತದೆ, ಜವಾಬ್ದಾರಿ ಬರುವುದಿಲ್ಲ. ಗ್ಯಾಲರಿಗೆ ಬರೆದ. ಸಹಿ ಹಾಕಿದ್ದೀರಿ ಅಂದರು. ಪೊಲೀಸರ ಹತ್ತಿರ ಹೋಗೋಣ ಅಂದರೆ ಯಾವ ದೇಶದ ಪೊಲೀಸರು? ದಡದಿಂದ 12 ನಾಟಿಕಲ್ ಮೈಲಿಗೆ ಆ ದೇಶದ ಕಡಲು ಮುಗಿಯುತ್ತದೆ. ಹಡಗಿನ ಮೇಲೆ ಹಾರುವುದು ಬಹಾಮಾಸ್, ಪನಾಮಾ, ಮಾಲ್ಟಾ ಹೀಗೆ ಯಾವುದೋ ದೇಶದ ಬಾವುಟ. ಮಾಲೀಕರ ಆಫೀಸು ಇನ್ನೊಂದು ಕಡೆ, ಕೊಂಡವರ ಮನೆ ಮತ್ತೊಂದು ಕಡೆ. ಕೇಸು ಹಾಕಬೇಕಾದ ಕೋರ್ಟು ಯಾವುದು ಅನ್ನುವುದೂ ಆ ಸಣ್ಣ ಅಕ್ಷರದಲ್ಲೇ ಇರುತ್ತದೆ. ಅಲ್ಲಿಗೆ ಹೋಗಿಬರುವ ಖರ್ಚಿನಲ್ಲಿ ಇನ್ನೊಂದು ಚಿತ್ರ ಬರುತ್ತದೆ.

ಇದನ್ನೆಲ್ಲ ಓದಿದವರು ಹೇಳುವ ಮಾತು ಒಂದೇ. ದುರಾಸೆ, ಆಗಬೇಕಾದ್ದೇ ಆಯಿತು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ದುರಾಸೆ ಯಾರದು? ಆ ಮನುಷ್ಯ ಜೀವಮಾನದಲ್ಲಿ ಒಂದು ಚಿತ್ರ ಕೊಂಡವರಲ್ಲ. ಗ್ಯಾಲರಿ ಅಂದರೆ ಒಳಗೆ ಹೋಗಲು ಹೆದರುತ್ತಿದ್ದವರು. ಹಡಗಿನಲ್ಲಿ ಟೈ ಕಟ್ಟಿದ ಒಬ್ಬ ಹುಡುಗ ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ. ನಿಮ್ಮ ಕಣ್ಣು ಚೆನ್ನಾಗಿದೆ ಸಾರ್, ಎಲ್ಲರೂ ಇದನ್ನು ಗುರುತಿಸುವುದಿಲ್ಲ ಅಂದ. ನಲವತ್ತು ವರ್ಷ ಆಫೀಸಿನಲ್ಲಿ ಯಾರೂ ಹೇಳದ ಮಾತು. ಆ ಮಾತಿಗೆ ಕೈ ಎದ್ದಿತು. ಬೆಲೆ ಜಾಸ್ತಿ ಅಂತ ಗೊತ್ತಿದ್ದರೆ, ಮಾರಲು ಹೋದರೆ ಯಾವ ಹರಾಜು ಮನೆಯೂ ಬಾಗಿಲು ತೆಗೆಯದು ಅಂತ ಆ ಹುಡುಗನೇ ಒಂದು ಸಾಲು ಹೇಳಿದ್ದರೆ, ಎತ್ತುತ್ತಿದ್ದರೋ ಇಲ್ಲವೋ. ಹೇಳಲಿಲ್ಲ. ಹೇಳಬೇಕು ಅಂತ ಯಾವ ಕಾನೂನೂ ಅವನ ಕುತ್ತಿಗೆ ಮೇಲೆ ಕೂತಿರಲಿಲ್ಲ. ಇಷ್ಟು ವರ್ಷದಿಂದ ಗೊತ್ತಿರುವ ವಿಷಯ ಇದು. ಯಾರಿಗೂ ನಿಲ್ಲಿಸುವ ಅವಸರ ಇಲ್ಲ.

ಹೊರಡುವಾಗ ಅವರು ಕೇಳಿದರು, "ನೀವು ಈ ವಿಷಯ ಓದಿಕೊಂಡವರು. ಇವತ್ತು ಎಷ್ಟು ಬಾಳಬಹುದು ಇದು?"

ನೀಲಿ ಬಹಳ ಚೆನ್ನಾಗಿದೆ ಅಂದೆ.

"ಹೌದಲ್ವಾ? ಅವತ್ತು ಸಮುದ್ರ ಹೀಗೇ ಇತ್ತು" ಅಂತ ಒಳಗಿನಿಂದ ಬಂದ ಅವರ ಹೆಂಡತಿ ಹೇಳಿದರು. "ಇದೇ ಚಿತ್ರದ ಪೋಸ್ಟ್‌ಕಾರ್ಡು ಹಡಗಿನ ಅಂಗಡೀಲೇ ಇತ್ತು. ಅದೇ ಸಾಕು ಕಣ್ರೀ ಅಂದೆ ಇವರಿಗೆ."

ಅವರು ಏನೂ ಹೇಳಲಿಲ್ಲ. ಹೋಗಿ ಫ್ರೇಮಿನ ಬಲ ಮೂಲೆಯನ್ನು ಸ್ವಲ್ಪ ಮೇಲೆತ್ತಿ ಸರಿಮಾಡಿದರು. ಅದು ಸರಿಯಾಗೇ ಇತ್ತು.