ಬೂಸ್ಟ್ ಪೈಪ್ ಎಲ್ಲಿಂದ? ಒಂದು ಸ್ಪಷ್ಟನೆ

ಟರ್ಬೊ ಡೀಸೆಲ್ ಟ್ರಕ್ಕಿಗೆ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಕೂಲರ್) ಕೂರಿಸುವಾಗ ಬೂಸ್ಟ್ ಪೈಪುಗಳನ್ನೆಲ್ಲ (ಗಾಳಿಯ ಒತ್ತಡವನ್ನು ಬಿಡಿಭಾಗಗಳಿಗೆ ಮುಟ್ಟಿಸುವ ಸಣ್ಣ ಪೈಪುಗಳು) ಟರ್ಬೊ ಹೊರಬಾಯಿಯಿಂದಲೇ ಎಳೆದರೆ ಸಾಕು, ಒತ್ತಡ ಎಲ್ಲೆಡೆ ಒಂದೇ ಎಂಬ ಮಾತು ಓಡಾಡುತ್ತಿದೆ. ಒಂದೇ ಅಲ್ಲ. ಕೂಲರ್ ದಾಟುವಾಗ ಸಾಮಾನ್ಯವಾಗಿ 1–2 ಪಿಎಸ್‌ಐ ಒತ್ತಡ ಇಳಿಯುತ್ತದೆ. ಕೂಲರಿನ ಕೋರ್ (ಗಾಳಿ ಹಾಯುವ ಒಳಭಾಗ) ಚಿಕ್ಕದಿದ್ದರೆ ಇನ್ನೂ ಹೆಚ್ಚು.

ಇಂಜೆಕ್ಷನ್ ಪಂಪಿನ ಬೂಸ್ಟ್ ಕಾಂಪೆನ್ಸೇಟರ್ (ಗಾಳಿಯ ಒತ್ತಡಕ್ಕೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಭಾಗ) ಆಗಲಿ, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್) ಆಗಲಿ, ಓದಬೇಕಾದದ್ದು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡವನ್ನು. ಸಿಲಿಂಡರಿಗೆ ಹೋಗುವುದು ಅಲ್ಲಿನ ಗಾಳಿ ತಾನೆ! ಕೂಲರಿಗೆ ಮೊದಲೇ ಸಿಕ್ಕಿಸಿದರೆ ಇಲ್ಲದ ಗಾಳಿಗೂ ಡೀಸೆಲ್ ಸುರಿಯುತ್ತದೆ. ಕೂಲರಿನೊಳಗೆ ಎಣ್ಣೆ ಜಿಡ್ಡು ಕಟ್ಟಿಕೊಂಡ ಮೇಲಂತೂ ಕೇಳುವುದೇ ಬೇಡ: ಕಪ್ಪು ಹೊಗೆ, ಏರುವ ಎಕ್ಸಾಸ್ಟ್ ಬಿಸಿ. ಗಾಳಿಯ ತಾಪಮಾನದ ಸೆನ್ಸರ್ ಕೂಡ ಕೂಲರಿನ ನಂತರವೇ.

ವೇಸ್ಟ್‌ಗೇಟ್ ಆಕ್ಚುಯೇಟರ್ (ಒತ್ತಡ ಮಿತಿ ಮೀರದಂತೆ ಎಕ್ಸಾಸ್ಟ್ ಅನಿಲವನ್ನು ಟರ್ಬೊದಿಂದ ಆಚೆ ಹರಿಸುವ ಬಾಗಿಲನ್ನು ತೆರೆಯುವ ಭಾಗ) ಮಾತ್ರ ಬೇರೆ. ಅದರ ಪೈಪ್ ಟರ್ಬೊದ ಕಂಪ್ರೆಸರ್ ಹೊರಬಾಯಿಯಲ್ಲೇ, ಅಂದರೆ ಕೂಲರಿಗೆ ಮೊದಲೇ, ಇರಲಿ. ಮ್ಯಾನಿಫೋಲ್ಡಿಗೆ ಒಯ್ದರೆ ಇಳಿದ ಒತ್ತಡ ತುಂಬಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ.