ಬಾಲ್ಯದಲ್ಲೇ ಮೀಸೆ ಬಂದ ಬುದ್ಧ

ನಮ್ಮ ಅಪಾರ್ಟ್‌ಮೆಂಟಿನವರ ಜೊತೆ ಬೈಲಕುಪ್ಪೆಯ ಟಿಬೆಟಿಯನ್ನರ ಬೌದ್ಧ ಗುಡಿ ಗೋಲ್ಡನ್ ಟೆಂಪಲ್ ನೋಡಿಕೊಂಡು ನಿನ್ನೆ ರಾತ್ರಿ ಬಂದೆ. ಬಸ್ಸು ಕೆಂಗೇರಿ ದಾಟಿದರೂ ಸಿಟ್ಟು ಇಳಿದಿರಲಿಲ್ಲ. ಬೆಳಗ್ಗೆ ಕಾಫಿ ಕುಡಿದ ಮೇಲೂ ಇಳಿಯಲಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

"ಎಷ್ಟು ಕೇಜಿ ಚಿನ್ನ ಇರಬಹುದು ಮೇಡಂ?" ಬಸ್ ಇಳಿದ ಕ್ಷಣದಿಂದ ಇದೊಂದೇ ಪ್ರಶ್ನೆ. ಗುಡಿಯ ಮೂರು ದೊಡ್ಡ ಮೂರ್ತಿಗಳು ತಾಮ್ರದ್ದು, ಮೇಲೆ ಚಿನ್ನದ ಲೇಪ, ಒಳಗೆ ಧರ್ಮಗ್ರಂಥಗಳು, ಪುಟ್ಟ ಸ್ತೂಪಗಳು ಇಟ್ಟಿದ್ದಾರೆ ಎಂದೆ. "ಓ, ಬರೀ ಲೇಪಾನಾ" ಎಂದು ಮುಖ ಸಣ್ಣದು ಮಾಡಿಕೊಂಡರು. ಏನೋ ನಾನೇ ಮೋಸ ಮಾಡಿದ ಹಾಗೆ.

ಇದನ್ನಾದರೂ ತಡೆದುಕೊಂಡೆ. ಆಮೇಲೆ ಟೂರ್ ಗೈಡ್ ಹುಡುಗ ಬಾಯಿ ಬಿಟ್ಟ. "ಈ ಮೂರೂ ಬುದ್ಧನೇ ಸರ್. ಒಂದು ಬಾಲ್ಯ, ಒಂದು ಯೌವನ, ಒಂದು ಮುಪ್ಪು." ಎಲ್ಲರೂ ಹೌದಾ ಹೌದಾ ಎಂದು ತಲೆಯಾಡಿಸಿದರು. ನನ್ನ ಡ್ರಾಯಿಂಗ್ ಟೀಚರ್ ಬುದ್ಧಿ ನಿಮಗೆ ಗೊತ್ತಲ್ಲ, ಸುಮ್ನೆ ಇರಲು ಆಗುತ್ತಾ? ಆ ಒಬ್ಬರಿಗೆ ಮೀಸೆ ಇದೆಯಲ್ಲಪ್ಪ, ಅದು ಬಾಲ್ಯವೋ ಮುಪ್ಪೋ ಎಂದು ಕೇಳಿದೆ. ದನಿ ಸ್ವಲ್ಪ ಜೋರಾಯಿತು. ನಮ್ಮ ಯಜಮಾನರು ನನ್ನ ಪರಿಚಯವೇ ಇಲ್ಲದವರ ಹಾಗೆ ಚಾವಣಿ ನೋಡುತ್ತಾ ನಿಂತರು.

ನಡುವೆ ಕೂತವನು ಶಾಕ್ಯಮುನಿ, ಅಂದರೆ ನಮಗೆಲ್ಲ ಗೊತ್ತಿರುವ ಗೌತಮ ಬುದ್ಧ, 60 ಅಡಿ. ಬಲಗೈ ನೆಲ ಮುಟ್ಟುತ್ತಿದೆ. ಧ್ಯಾನ ಕೆಡಿಸಲು ಮಾರ ಎಂಬ ದುಷ್ಟಶಕ್ತಿ ಬಂದು ಕೆಣಕಿದಾಗ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಅದು. ಮೀಸೆಯವರು ಪದ್ಮಸಂಭವ, 8ನೇ ಶತಮಾನದಲ್ಲಿ ಟಿಬೆಟ್‌ಗೆ ಹೋಗಿ ಅಲ್ಲಿ ಬೌದ್ಧಧರ್ಮಕ್ಕೆ ಬೇರು ಕೊಟ್ಟ ಗುರು. ಗೋಲ್ಡನ್ ಟೆಂಪಲ್ ಇರುವ ಈ ನಾಮ್‌ಡ್ರೋಲಿಂಗ್ ಮಠ ಟಿಬೆಟಿಯನ್ ಬೌದ್ಧರ ನ್ಯಿಂಗ್ಮಾ ಪಂಥದ್ದು, ಅವರಿಗೆ ಇವರು ಎರಡನೇ ಬುದ್ಧ. ಒಂದು ಕೈಯಲ್ಲಿ ವಜ್ರಾಯುಧ, ಇನ್ನೊಂದರಲ್ಲಿ ಕಪಾಲ, ಅಂದರೆ ತಲೆಬುರುಡೆಯ ಬಟ್ಟಲು. ಮೂರನೆಯವನು ಅಮಿತಾಯುಸ್, ಆಯುಷ್ಯದ ಬುದ್ಧ, ಮಡಿಲಲ್ಲಿ ಅಮೃತದ ಕಲಶ. ಈ ಇಬ್ಬರೂ 58 ಅಡಿ. ಇದನ್ನು ತಿಳಿಯಲು ಲಾಸಾಗೆ ಹೋಗಬೇಕಿಲ್ಲ, ಹೆಸರುಗಳನ್ನು ಅಲ್ಲೇ ಬೋರ್ಡಿನಲ್ಲಿ ಬರೆದಿದ್ದಾರೆ. ಅದಕ್ಕೆ ಒರಗಿಕೊಂಡೇ ನಮ್ಮವರು ಫೋಟೋ ತೆಗೆಸಿಕೊಂಡಿದ್ದು.

ನನ್ನ ತಕರಾರು ಇಷ್ಟೇ. ಕೈಯಲ್ಲಿ ಏನಿದೆ ನೋಡಿ ದೇವರನ್ನು ಗುರುತಿಸುವುದು ನಮ್ಮ ಮನೆಯ ಮಕ್ಕಳಿಗೂ ಬರುತ್ತದೆ. ಕೊಳಲು ಇದ್ದರೆ ಕೃಷ್ಣ, ಬಿಲ್ಲು ಇದ್ದರೆ ರಾಮ, ಮೋದಕ ಇದ್ದರೆ ಗಣಪ. ಯಾರೂ ಕೂತು ಪಾಠ ಮಾಡಿಲ್ಲ. ಇಷ್ಟು ಚೆನ್ನಾಗಿ ಪಳಗಿದ ಕಣ್ಣನ್ನು ಈ ಬಾಗಿಲ ಹೊರಗೆ ಚಪ್ಪಲಿ ಜೊತೆ ಯಾಕೆ ಬಿಟ್ಟು ಬರುತ್ತೇವೆ?

ಗೋಡೆಯ ಮೇಲಿನ ಉಗ್ರ ರೂಪಗಳನ್ನು ನೋಡಿ ಒಬ್ಬರು ಮಗುವಿನ ಕಣ್ಣು ಮುಚ್ಚಿದರು. "ದೆವ್ವ ಪುಟ್ಟಾ, ನೋಡಬೇಡ." ಅಲ್ಲ ಕಣ್ರೀ, ನಿಮ್ಮ ಮನೆ ಹಾಲಿನಲ್ಲೇ ಕರುಳು ಬಗೆಯುವ ನರಸಿಂಹನ ಪಟ ಇದೆ! ಗೋಡೆಯ ಆ ಉಗ್ರ ರೂಪಗಳ ಕಿರೀಟದ ಐದು ತಲೆಬುರುಡೆ ಹೆದರಿಸುವುದಕ್ಕಲ್ಲ. ಮನಸ್ಸಿನ ಐದು ವಿಷಗಳು ಐದು ಬಗೆಯ ಅರಿವಾಗಿ ಬದಲಾದವು ಅಂತ.

ಇನ್ನೊಬ್ಬ ಹುಡುಗ, ಸಾಫ್ಟ್‌ವೇರಿನವನು, ಕಂಬದ ಡ್ರ್ಯಾಗನ್ ನೋಡಿ "ಚೈನೀಸ್ ಟೆಂಪಲ್ ಸೂಪರ್ ಅಲ್ವಾ ಆಂಟಿ" ಎಂದ. ಚೀನಾದ ಆಳ್ವಿಕೆ ತಾಳಲಾರದೆ ಊರು ಬಿಟ್ಟು ಬಂದವರ ಗುಡಿ ಮುಂದೆ ನಿಂತು! 1960ರಲ್ಲಿ ಅಂದಿನ ಮೈಸೂರು ಸರ್ಕಾರ ಆ ಟಿಬೆಟಿಯನ್ನರಿಗೆ ಇಲ್ಲಿ ಸುಮಾರು 3000 ಎಕರೆ ಕೊಟ್ಟಿತು. ನ್ಯಿಂಗ್ಮಾ ಗುರು ಪೆನೊರ್ ರಿಂಪೊಚೆ 1963ರಲ್ಲಿ ಮಠ ಶುರು ಮಾಡಿದಾಗ ಇದು ಬಿದಿರಿನ ಪುಟ್ಟ ಗುಡಿ. ಚಿನ್ನದ ಬಣ್ಣ ಕಂಡಿದ್ದು 1999ರಲ್ಲಿ. ನಮ್ಮ ರಾಜ್ಯದ್ದೇ ಕಥೆ ಇದು, ಬೇರೆ ಯಾರದ್ದೋ ಅಲ್ಲ.

ಆಮೇಲೆ ಎಲ್ಲರೂ ಮೊಮೊ ತಿನ್ನಲು ಓಡಿದರು. ನಾನು ಹತ್ತಿರದ ಇನ್ನೊಂದು ವಿಹಾರದ ಮೊಗಸಾಲೆಗೆ ಹೋದೆ. ಅಲ್ಲಿ ಭವಚಕ್ರ ಇತ್ತು, ಹುಟ್ಟು ಸಾವಿನ ಸುತ್ತನ್ನು ತೋರಿಸುವ ಚಿತ್ರ. ಅಬ್ಬಾ, ಅದರ ಮುಂದೆ ಮಾತ್ರ ಸಿಟ್ಟು ಮರೆತೆ. ಯಮ ಇಡೀ ಚಕ್ರವನ್ನು ಹಲ್ಲು, ಉಗುರುಗಳಲ್ಲಿ ಕಚ್ಚಿ ಹಿಡಿದಿದ್ದಾನೆ. ನಟ್ಟನಡುವೆ ಹಂದಿ, ಹಾವು, ಹುಂಜ, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಅಜ್ಞಾನ, ದ್ವೇಷ, ಆಸೆ. ಸುತ್ತ ಆರು ಲೋಕ. ಹೊರಗಿನ ಉಂಗುರದಲ್ಲಿ ಹನ್ನೆರಡು ಪುಟ್ಟ ಚಿತ್ರ. ಕೋಲು ಹಿಡಿದ ಕುರುಡ, ಮಡಕೆ ಮಾಡುವ ಕುಂಬಾರ, ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ, ದೋಣಿಯಲ್ಲಿ ಕೂತವರು, ಆರು ಕಿಟಕಿಯ ಖಾಲಿ ಮನೆ. ಕಣ್ಣಿಗೆ ಬಾಣ ನೆಟ್ಟ ಮನುಷ್ಯನೊಬ್ಬ. ಅದು ವೇದನೆ, ನೋವಷ್ಟೇ ಅಲ್ಲ, ಸುಖವೋ ದುಃಖವೋ ಮನಸ್ಸಿಗೆ ಆಗುವ ಅನುಭವ. ಕೊನೆಗೆ ಬೆನ್ನ ಮೇಲೆ ಹೆಣ ಹೊತ್ತು ನಡೆಯುವವನು. ಅಪ್ಪ ಹೋದ ಮೇಲೆ ನಾನು ಯಾರ ಹತ್ತಿರವೂ ಸರಿಯಾಗಿ ಅತ್ತಿರಲಿಲ್ಲ. ಅಲ್ಲಿ ಅತ್ತೆ. ಹೋಗಲಿ ಬಿಡಿ, ಅದು ಬೇರೆ ವಿಷಯ.

ಓದು ಬಾರದವರಿಗೂ ಅರ್ಥವಾಗಲಿ ಎಂದೇ ಭವಚಕ್ರವನ್ನು ಬಾಗಿಲ ಬಳಿ ಬರೆಯುತ್ತಾರೆ. ಡಿಗ್ರಿ ಮೇಲೆ ಡಿಗ್ರಿ ಮಾಡಿದ ಬೆಂಗಳೂರಿನವರಿಗೆ ಮಾತ್ರ ಪುರುಸೊತ್ತಿಲ್ಲ.

"ವಾರವೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಾಯುತ್ತೇವೆ, ಟ್ರಿಪ್‌ನಲ್ಲೂ ಪಾಠ ಬೇಕಾ?" ಎಂದು ಬಸ್ಸಿನಲ್ಲಿ ಒಬ್ಬರು ಕೇಳಿದರು. ಪಾಪ, ನಿಜ. ದಣಿವಾಗಿರುತ್ತದೆ. ಆದರೆ ಒಂದೇ ಕಂಬದ ಮುಂದೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ದುಪಟ್ಟಾ ಹಾರಿಸಿ ಫೋಟೋ ತೆಗೆಸಿಕೊಳ್ಳುವಾಗ ಆ ದಣಿವು ಎಲ್ಲಿ ಹೋಗಿತ್ತು? ಕತ್ತು ಸ್ವಲ್ಪ ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು. (ಮೊಮೊ ನಾನೂ ತಿಂದೆ. ಚೆನ್ನಾಗಿತ್ತು.)

ದೂರದ ಮಾತು ಬಿಡಿ. ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಮಹಾಬೋಧಿ ಸೊಸೈಟಿ ಇದೆ. ಆಚಾರ್ಯ ಬುದ್ಧರಕ್ಖಿತ ಅವರು 1956ರಲ್ಲಿ ಕಟ್ಟಿದ್ದು. ಬುದ್ಧಗಯೆಯ ಗೋಪುರದ ಮಾದರಿ ಇದೆ, ಬೋಧಿ ವೃಕ್ಷ ಇದೆ. ಅವರು ಥೇರವಾದ ಎಂಬ ಇನ್ನೊಂದು ಬೌದ್ಧ ಪಂಥದವರು, ಹಾಗಾಗಿ ಅಲ್ಲಿ ಉಗ್ರ ರೂಪಗಳಿಲ್ಲ. ಎರಡನ್ನೂ ನೋಡಿದರೆ ಒಂದೇ ಬುದ್ಧನನ್ನು ಜನ ಎಷ್ಟು ಬೇರೆ ಬೇರೆಯಾಗಿ ಕಂಡಿದ್ದಾರೆ ಎಂದು ತಿಳಿಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿಚಾರಿಸಿದೆ. ಮೆಜೆಸ್ಟಿಕ್‌ಗೆ ಹೋಗದವರು ಯಾರೂ ಇಲ್ಲ, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಇದನ್ನು ನೋಡಿದವರೂ ಯಾರೂ ಇಲ್ಲ.

ಬರುವ ಭಾನುವಾರ ಬೆಳಗ್ಗೆ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಬರುವವರು ಕಾಮೆಂಟಿನಲ್ಲಿ ಹೇಳಿ. ತಿಂಡಿ ನನ್ನದು. ಚಿನ್ನದ ತೂಕ ಕೇಳುವವರು ಅವರವರ ದುಡ್ಡಿನಲ್ಲಿ ತಿನ್ನಬೇಕು.